ಬೆಣ್ಣಿಗೆ ಹಾಲು ಆಗಿಬರುವುದಿಲ್ಲ

ನಮ್ಮ ದೊಡ್ಡವ್ವನಷ್ಟು ಕಟ್ಟಾ ಶಾಕಾಹಾರಿ ಇಡೀ ಕೊಟ್ಟೂರಿನಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ. ಹಾಗೆಯೇ, ಒಂದು ಕುರಿಯ ಗುಂಡಿಗೆ ಇವತ್ತಿನದೋ ನಿನ್ನೆಯದೋ ಎಂದು ಮಾರು ದೂರದಿಂದಲೇ ಹೇಳಬಲ್ಲ ಹೆಂಗಸೂ ಆಕೆಯೊಬ್ಬಳೇ! ಇವೆರಡೂ ಒಬ್ಬರಲ್ಲೇ ಹೇಗೆ ಕೂಡಿ ಬಂದವು ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಆಕೆಯನ್ನೇ ಕೇಳಿದರೆ ಮಾತ್ರ, "ನನಗೇನು ಹುಚ್ಚಾ? ಎಲ್ಲಾ ಬೆಣ್ಣಿ ಸಲುವಾಗಿ" ಎಂದು ರೊಟ್ಟಿ ಬಡಿಯಲು ಹೋಗುತ್ತಾಳೆ. ಆದ್ದರಿಂದ ನಾನೇ ಹೇಳಬೇಕಾಗಿದೆ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಕೊಟ್ಟೂರಿನ ಪೇಟೆಯಲ್ಲಿ ಆಕೆಯದೊಂದು ಖಾನಾವಳಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬರುವ ಹಿರಿಯರು ಕೂಡ ಅಲ್ಲಿ ಒಂದು ಪ್ರಶ್ನೆ ಕೇಳದೆ ಊಟಕ್ಕೆ ಕೂಡುತ್ತಾರೆ, ಅಷ್ಟು ನಂಬಿಕೆ. ಬಸ್ಸಿನಲ್ಲಿ ಪಕ್ಕದವರ ತೊಡೆಯ ಮೇಲೆ ಮೊಟ್ಟೆಯ ಟ್ರೇ ಕಂಡರೆ ಇಳಿದು ಮುಂದಿನ ಬಸ್ಸಿಗೆ ಕಾಯುವ ಹೆಂಗಸು ಆಕೆ. ಒಮ್ಮೆ ಹೊಸ ಗಿರಾಕಿಯೊಬ್ಬ ಎಣ್ಣಗಾಯಿ ಮುಗಿಸಿ, "ಅಮ್ಮಾರ, ಇನ್ನೆರಡು ಪೀಸ್ ಹಾಕ್ರಿ" ಎಂದುಬಿಟ್ಟ. ದೊಡ್ಡವ್ವ ಸೌಟನ್ನು ಪಾತ್ರೆಗೆ ಇಳಿಸಿ, "ಪೀಸು ಬಸ್‌ಸ್ಟ್ಯಾಂಡಿನ್ಯಾಗ ಸಿಗ್ತಾವ. ಇಲ್ಲಿ ಬದ್ನಿಕಾಯಿ ಸಿಗ್ತಾವ. ಏನು ಬೇಕು ಹೇಳು" ಎಂದಳು. ಪಾಪ, ಆತ ಮಜ್ಜಿಗೆ ಕುಡಿದು ಎದ್ದುಹೋದ.

ಇನ್ನೊಂದು ಗುಣವಿದೆ. ದೊಡ್ಡವ್ವ ಸುಳ್ಳು ಹೇಳುವುದಿಲ್ಲ. "ಈ ರೊಟ್ಟಿ ಮುಂಜಾನಿದೇನ್ರಿ?" ಎಂದು ಕೇಳಿದರೆ, "ಹೂಂ, ಮುಂಜಾನಿದ" ಎಂದು ಎರಡು ಹೆಜ್ಜೆ ಹೋಗಿ, ತಿರುಗಿ ಬಂದು, "ನಿನ್ನಿ ಮುಂಜಾನಿದು" ಎನ್ನುತ್ತಾಳೆ. ಇಂಥವಳು ವ್ಯಾಪಾರ ಮಾಡಿ ಉಳಿದಿರುವುದೇ ಒಂದು ಪವಾಡವಲ್ಲವೇ?

ಬೆಣ್ಣಿ ಬಂದದ್ದು ಒಂದು ಬೆಳಿಗ್ಗೆ. ಮೊಸರಿನ ಗಡಿಗೆಯ ಪಕ್ಕದಲ್ಲಿ ಒಂದು ಬಿಳಿಯ ಮುದ್ದೆ ಕೂತಿತ್ತಂತೆ. ಕನ್ನಡಕ ಹಾಕಿರದ ದೊಡ್ಡವ್ವ ಬೆಣ್ಣೆ ಎಂದುಕೊಂಡು ಎತ್ತಿದಳು. ಬೆಣ್ಣೆ ಮಿಯಾಂವ್ ಎಂದಿತು! ಅಂದಿನಿಂದ ಅದರ ಹೆಸರು ಬೆಣ್ಣಿ.

ಖಾನಾವಳಿಯ ಬೆಕ್ಕಿಗೆ ಊಟಕ್ಕೇನು ಕೊರತೆ? ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೊಸರನ್ನ, ಅಮಾವಾಸ್ಯೆಗೆ ತುಪ್ಪ ಸವರಿದ ಹೋಳಿಗೆ. ಗಿರಾಕಿಗಳು ಅದನ್ನು 'ಶರಣರ ಬೆಕ್ಕು' ಎಂದೇ ಕರೆಯುತ್ತಿದ್ದರು. ಹಿತ್ತಲ ಕೋಣೆಯಲ್ಲಿ ಜೋಳದ ಚೀಲಗಳ ಸಂದಿಯಲ್ಲಿ ಶರಣರು ಏನೇನು ನಡೆಸುತ್ತಿದ್ದರೋ, ದೊಡ್ಡವ್ವ ಬಗ್ಗಿ ನೋಡಲು ಹೋಗುತ್ತಿರಲಿಲ್ಲ. ನೋಡಿದರೆ ತಾನೇ ಹೇಳಬೇಕಾಗುವುದು!

ವರ್ಷ ತುಂಬುವಷ್ಟರಲ್ಲಿ ಬೆಣ್ಣಿಗೆ ತುರಿಕೆ ಹತ್ತಿತು. ಸಣ್ಣ ತುರಿಕೆಯಲ್ಲ. ಕತ್ತು, ಕಿವಿ, ಹೊಟ್ಟೆ ಎಲ್ಲವನ್ನೂ ಕೆರೆದು ಕೆರೆದು ಕೂದಲು ಉದುರಿ, ಅಲ್ಲಲ್ಲಿ ಗಾಯ. ದೊಡ್ಡವ್ವ ಅರಿಶಿನ ಹಚ್ಚಿದಳು, ಬೆಣ್ಣಿ ಹಳದಿಯಾಯಿತು. ಬೇವಿನೆಣ್ಣೆ ಹಚ್ಚಿದಳು, ಬೆಣ್ಣಿ ಮನೆ ಬಿಟ್ಟು ಹೋಗಿ ಸಂಜೆ ಬಂತು. ಒಣಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು, ಊಟಕ್ಕೆ ಕೂತವರೆಲ್ಲ ಕೆಮ್ಮಿದರು. ಬೆಣ್ಣಿ ಕೆರೆಯುವುದನ್ನು ಬಿಡಲಿಲ್ಲ.

ಕೊನೆಗೆ ಬುಟ್ಟಿಯಲ್ಲಿ ಹಾಕಿಕೊಂಡು ದನದ ದವಾಖಾನೆಗೆ ನಡೆದಳು. ಅಂದು ರಜೆ ಇದ್ದದ್ದರಿಂದ ನಾನೂ ಜೊತೆಗಿದ್ದೆ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಶಾಲೆಯ ಟೀಚರು. ರಜೆ ಸಿಕ್ಕರೆ ದೊಡ್ಡವ್ವನ ಮನೆಗೆ ಓಡಿಬರುವುದು ನನ್ನ ರೂಢಿ. ಎಮ್ಮೆ, ಕುರಿಗಳ ಸಾಲಿನಲ್ಲಿ ನಮ್ಮ ಬುಟ್ಟಿಯ ಸರದಿ ಬಂತು. ಡಾಕ್ಟರು ಹರಪನಹಳ್ಳಿ ಕಡೆಯ ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಏನ್ ಹಾಕ್ತೀರಮ್ಮ ಇದಕ್ಕೆ?"

"ನಾವು ಏನು ಉಣ್ತೀವಿ ಅದನ್ನ. ರೊಟ್ಟಿ, ಹಾಲು, ಮಸರನ್ನ."

"ಅಮ್ಮ, ಇದು ಬೆಕ್ಕು. ಮಾಂಸ ತಿನ್ನೋ ಪ್ರಾಣಿ."

"ಇರಬಹುದ್ರಿ. ಆದ್ರ ನಮ್ಮನ್ಯಾಗ ಬೆಳದೈತಲ್ಲ!"

ಡಾಕ್ಟರಮ್ಮ ನಗು ನುಂಗಿಕೊಂಡು, ಹಾಲು ಮೊಸರು ನಿಲ್ಲಿಸಿ ಬೆಕ್ಕಿನ ಪ್ಯಾಕೆಟ್ ಊಟ ಹಾಕಿ ನೋಡಲು ಹೇಳಿದರು. ಹೊಸಪೇಟೆಯಿಂದ ಪ್ಯಾಕೆಟ್ ತರಿಸಿದ್ದಾಯಿತು. ಒಳಗೆ ಗುಂಡಿಯಂಥ ಗಟ್ಟಿ ಕಾಳುಗಳು. ದೊಡ್ಡವ್ವ ಅದನ್ನು ಹೆಸರುಕಾಳಿನ ಸಂಬಂಧಿ ಎಂದು ತಿಳಿದು ದಿನಾ ಬೊಗಸೆಯಲ್ಲಿ ಎತ್ತಿ ಹಾಕಿದಳು. ತುರಿಕೆ ಇಮ್ಮಡಿಯಾಯಿತು. ಮುಂದಿನ ವಾರ ನಾನು ಬಂದಾಗ ಪ್ಯಾಕೆಟ್ಟಿನ ಬೆನ್ನಿನ ಸಣ್ಣ ಅಕ್ಷರ ಓದಿದೆ.

"ದೊಡ್ಡವ್ವಾ, ಇದು ಕೋಳಿ."

"ಯಾವುದು?"

"ಈ ಕಾಳು. ಕೋಳಿ ಮಾಂಸದ್ದು."

ದೊಡ್ಡವ್ವ ತನ್ನ ಬಲಗೈಯನ್ನು ಅದು ಬೇರೆಯವರ ಕೈ ಎಂಬಂತೆ ನೋಡಿದಳು. ಆಮೇಲೆ ಹಂಡೆಯ ನೀರು ಖಾಲಿಯಾಗುವ ತನಕ ಸ್ನಾನ ಮಾಡಿದಳು. ಬಚ್ಚಲಿನಿಂದಲೇ ಕೂಗಿದಳು: "ಲೇ, ಹಂಗಾರ ಅಕಿಗೆ ಕೋಳಿನೂ ಆಗಿಬರಂಗಿಲ್ಲ! ಹೋಗಿ ಡಾಕ್ಟರಿಗೆ ಹೇಳು!"

ಮತ್ತೆ ಬುಟ್ಟಿ ಹೊತ್ತು ಇಬ್ಬರೂ ಹೋದಾಗ ಡಾಕ್ಟರಮ್ಮನೂ ಅದನ್ನೇ ಹೇಳಿದರು. ಊಟದ ಅಲರ್ಜಿ ಇರಬೇಕು. ಹಿಂದೆ ತಿಂದಿರದ ಒಂದೇ ಒಂದು ಮಾಂಸವನ್ನು ಎರಡು ತಿಂಗಳು ಹಾಕಬೇಕು, ಬೇರೆ ಏನೂ ಬಾಯಿಗೆ ಬೀಳಬಾರದು. ಅಂಥ ಬೆಕ್ಕುಗಳಿಗೆಂದೇ ಸ್ಪೆಷಲ್ ಪ್ಯಾಕೆಟ್ ಇದೆ. ಅದರ ಬೆಲೆ ಕೇಳಿದ ದೊಡ್ಡವ್ವ, "ಅದರಾಗ ಬೆಳ್ಳಿ ಬಟ್ಟಲಾನೂ ಕೊಡ್ತಾರೇನ್ರಿ?" ಎಂದಳು.

"ಹಾಗಾದ್ರೆ ಕುರಿ ಮಾಂಸ ತಂದು ಮನೇಲೇ ಕುದಿಸಿ ಹಾಕಿ."

"ನನ್ನ ಒಲಿ ಮ್ಯಾಲ?" ದೊಡ್ಡವ್ವನ ದನಿಗೆ ಹೊರಗೆ ಕಟ್ಟಿದ್ದ ಎಮ್ಮೆ ತಿರುಗಿ ನೋಡಿತು. "ಹರಹರಾ! ನೂರು ಮಂದಿ ಉಣ್ಣೋ ಒಲಿ ಅದು. ಆಗಂಗಿಲ್ರಿ."

"ಹಾಗಾದ್ರೆ ಹಸೀದೇ ಹಾಕ್ಬೇಕಾಗುತ್ತೆ. ಆದ್ರೆ ಅದು ಸುಲಭ ಅಲ್ಲಮ್ಮ."

"ಹಸೀದು ಅಂದ್ರ? ಒಗ್ಗರಣಿನೂ ಬ್ಯಾಡೇನು?"

"ಒಗ್ಗರಣೆ ಬೇಡ."

"ಉಪ್ಪು?"

"ಉಪ್ಪೂ ಬೇಡ."

ದೊಡ್ಡವ್ವ ಬುಟ್ಟಿಯೊಳಗೆ ಬಗ್ಗಿ ನೋಡಿ, "ಪಾಪ!" ಎಂದಳು.

ಜಗತ್ತಿನಲ್ಲಿ ಬೆಕ್ಕಿಗೆ ಹಸಿ ಮಾಂಸ ಹಾಕುವವರು ಏನೇನೋ ಕಾರಣ ಹೇಳುತ್ತಾರಂತೆ. ಒಲೆ ಮೈಲಿಗೆಯಾಗುತ್ತದೆ ಎಂದು ಹಾಕಿದವಳು ನಮ್ಮ ದೊಡ್ಡವ್ವ ಒಬ್ಬಳೇ ಇರಬೇಕು!

ಡಾಕ್ಟರಮ್ಮ ಕೂಡಿಸಿಕೊಂಡು ತಿಳಿಸಿದರು. ಬರೀ ಮಾಂಸ ಹಾಕಿದರೆ ಬೆಕ್ಕಿನ ಎಲುಬು ಸವೆಯುತ್ತದೆ, ಸುಣ್ಣದ ಅಂಶ ಸೇರಿಸಬೇಕು. ಗುಂಡಿಗೆ ಹಾಕದಿದ್ದರೆ ಕಣ್ಣು ಮಂದವಾಗುತ್ತದೆ. ಲಿವರು ಬೇಕು, ಆದರೆ ಹೆಚ್ಚಾದರೆ ವಿಷ. ಮಾಂಸವನ್ನು ಕೆಲವು ದಿನ ಮಂಜುಗಟ್ಟಿಸಿ ಇಡಬೇಕು, ಇಲ್ಲದಿದ್ದರೆ ಹುಳ. ತಾಟು ಬೇರೆ, ಚಾಕು ಬೇರೆ, ಹಲಗೆ ಬೇರೆ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಶುಚಿಯ ಮಾತು ಬಂದಾಗ ದೊಡ್ಡವ್ವ, "ಅಷ್ಟ ಸಾಕೇನ್ರಿ?" ಎಂದು ಅನುಮಾನದಿಂದ ಕೇಳಿದಳು. ಉಳಿದದ್ದನ್ನು ಹಾದಿಯಲ್ಲಿ ತನ್ನ ಭಾಷೆಗೆ ತಂದುಕೊಂಡಳು: "ಖಂಡ ಅಂದ್ರ ಹಿಟ್ಟಿದ್ದಂಗ. ಗುಂಡಿಗಿ ಬ್ಯಾಳಿ ಇದ್ದಂಗ. ಲಿವರು ಇಂಗಿದ್ದಂಗ, ಚೂರು ಹೆಚ್ಚಾತಂದ್ರ ಎಲ್ಲಾ ಕೆಡ್ತೈತಿ. ಇದರಾಗ ತಿಳೀಲಾರದ್ದು ಏನೈತಿ?"

ತಿಳಿದದ್ದೇನೋ ಸರಿ. ಆದರೆ ತರುವುದು ಹೇಗೆ? ಕೊಟ್ಟೂರಿನಲ್ಲಿ ಆಕೆಯನ್ನು ಅರಿಯದವರಿಲ್ಲ. ಖಾನಾವಳಿ ಅಮ್ಮ ಮಟನ್ ಅಂಗಡಿಯ ಮುಂದೆ ನಿಂತಳಂತೆ ಎಂಬ ಸುದ್ದಿ ಆಕೆ ಮನೆ ಮುಟ್ಟುವ ಮೊದಲೇ ಖಾನಾವಳಿ ಮುಟ್ಟಿರುತ್ತದೆ. ಅದಕ್ಕೇ ಒಂದು ಭಾನುವಾರ ಬೆಳಿಗ್ಗೆ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ತಲೆ ತುಂಬ ಸೆರಗು, ಕೈಯಲ್ಲಿ ಹೊಸ ಸ್ಟೀಲ್ ಡಬ್ಬಿ.

"ನಿಮ್ಮೂರಾಗ ನನ್ನ ಯಾರೂ ನೋಡಿಲ್ಲ. ನಡಿ."

ನಾನೇನು ಮಾಂಸದಂಗಡಿಗೆ ಹೋದವಳೇ? ಇಬ್ಬರೂ ಕೈ ಕೈ ಹಿಡಿದುಕೊಂಡು, ಪರೀಕ್ಷೆಯ ಕೋಣೆಗೆ ಹೋಗುವ ಹುಡುಗಿಯರಂತೆ ಹೋದೆವು. ಅಂಗಡಿಯ ಸಾಹೇಬರು ಕತ್ತಿ ಮಸೆಯುತ್ತಿದ್ದರು. ದೊಡ್ಡವ್ವ ಕಣ್ಣು ಮುಚ್ಚಿಕೊಂಡು, ಬಾಯಿಪಾಠ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳಿದಳು: "ಕುರಿ ಗುಂಡಿಗಿ, ಚೂರು ಲಿವರು, ಕೊಬ್ಬಿಲ್ಲದ ಖಂಡ, ಎಲ್ಲಾ ತಾಜಾ ಇರಬೇಕು, ರೇಟು ಕಮ್ಮಿ ಇರಬೇಕು."

ಕತ್ತಿ ಮಸೆಯುವ ಸದ್ದು ನಿಂತಿತು. "ಅರೆ! ಕೊಟ್ಟೂರ ಖಾನಾವಳಿ ಅಮ್ಮಾರಲ್ರಿ ನೀವು?"

ದೊಡ್ಡವ್ವನ ಸೆರಗು ಇನ್ನೂ ನಾಲ್ಕು ಬೆರಳು ಕೆಳಗಿಳಿಯಿತು. ಸುಳ್ಳು ಹೇಳುವಂತಿಲ್ಲವಲ್ಲ! ಸೆರಗಿನೊಳಗಿಂದಲೇ, "ಹೌದ್ರಿ" ಎಂದಳು.

ನೋಡಿದರೆ ಸಾಹೇಬರು ಕುರಿ ವ್ಯಾಪಾರಕ್ಕೆ ಕೊಟ್ಟೂರಿಗೆ ಬಂದಾಗಲೆಲ್ಲ ಉಣ್ಣುವುದು ಅಲ್ಲಿಯೇ. ಬೆಕ್ಕಿನ ಕತೆಯನ್ನೆಲ್ಲ ಕೇಳಿ ಗುಂಡಿಗೆಯನ್ನು ಅವರೇ ಆರಿಸಿ ಕೊಟ್ಟರು. ಗಿರಾಕಿಗಳು ಬೇಡವೆನ್ನುವ ಸಣ್ಣ ಚೂರುಗಳನ್ನು ವಾರಕ್ಕೊಮ್ಮೆ ತೆಗೆದಿಡುತ್ತೇನೆ, ಅಗ್ಗಕ್ಕೆ ಸಿಗುತ್ತದೆ ಎಂದರು. ಡಬ್ಬಿ ಮುಚ್ಚುತ್ತ ದೊಡ್ಡವ್ವ ಮೆಲ್ಲಗೆ, "ಸಾಹೇಬ್ರ, ನಾನು ಬಂದಿದ್ದು ಕೊಟ್ಟೂರಾಗ ಹೇಳಬ್ಯಾಡ್ರಿ" ಎಂದಳು.

ಸಾಹೇಬರು ಆಚೀಚೆ ನೋಡಿ ಇನ್ನೂ ಮೆಲ್ಲಗೆ ಹೇಳಿದರು: "ನಾನು ನಿಮ್ಮ ಬದ್ನಿಕಾಯಿ ತಿನ್ನಾಕ ಬರ್ತೀನಿ ಅಂತ ನೀವು ನಮ್ಮನ್ಯಾಗ ಹೇಳಬ್ಯಾಡ್ರಿ. ನಮ್ಮಾಕಿ ಬದ್ನಿಕಾಯಿ ಮಾಡಿದ್ರ ನಾನು ಹೊಟ್ಟಿನೋವು ಅಂತೀನಿ!"

ಅಲ್ಲಿಗೆ ಒಪ್ಪಂದವಾಯಿತು.

ಕೊಟ್ಟೂರಿನ ಬಸ್ಸಿಗೆ ಹತ್ತಿಸಲು ಹೋದಾಗ ದೊಡ್ಡವ್ವ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬದಿಗೆ ಕೂತಿದ್ದಳು. ಪಕ್ಕದ ಅಜ್ಜಿಗೆ ಸುಮ್ಮನಿರಲಾಗಲಿಲ್ಲ.

"ಡಬ್ಬಿಯಾಗ ಏನೈತಬೇ?"

"ಬೆಣ್ಣೀದು."

"ಎಮ್ಮಿ ಬೆಣ್ಣೀನೋ, ಆಕಳ ಬೆಣ್ಣೀನೋ?"

"ಬಿಳಿ ಬೆಣ್ಣಿ," ಎಂದು ದೊಡ್ಡವ್ವ ಕಿಟಕಿಯಾಚೆ ನೋಡತೊಡಗಿದಳು. ಬಸ್ಸು ಹೊರಟ ಮೇಲೂ ಆ ಅಜ್ಜಿ, "ಚೂರು ರುಚಿ ನೋಡಾಕ ಕೊಡು" ಎನ್ನುತ್ತಿದ್ದದ್ದು ನನಗೆ ಕೇಳಿಸಿತು.

ಮಾಂಸ ಬಂತು, ಇಡುವುದೆಲ್ಲಿ? ಖಾನಾವಳಿಯ ಫ್ರಿಜ್ಜಿನಲ್ಲಿ ಮೊಸರು, ಬೆಣ್ಣೆ. ದೊಡ್ಡವ್ವ ಅದಕ್ಕೆ ಮೂರು ಬೆರಳಿನ ವಿಭೂತಿ ಬಳಿದು, "ನೀನು ನೀನಾಗೇ ಇರಪ್ಪ" ಎಂದು, ಐಸ್‌ಕ್ರೀಮ್ ವ್ಯಾಪಾರ ಬಿಟ್ಟವರೊಬ್ಬರಿಂದ ಒಂದು ಹಳೆಯ ಪೆಟ್ಟಿಗೆ ಫ್ರಿಜ್ಜು ತಂದಳು. ಅದನ್ನು ಹಿತ್ತಲ ಕೋಣೆಯಲ್ಲಿಟ್ಟು, ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದಿನಾ ಸ್ನಾನಕ್ಕೆ ಮೊದಲು ಒಬ್ಬಳೇ ಒಳಗೆ ಹೋಗುವುದು, ಹೊರಬಂದು ತಲೆಗೆ ನೀರು ಹಾಕಿಕೊಳ್ಳುವುದು. ರೊಟ್ಟಿ ಬಡಿಯುವ ಇಬ್ಬರು ಹೆಂಗಸರು ಇದನ್ನೆಲ್ಲ ನೋಡಿ ಒಂದೇ ತೀರ್ಮಾನಕ್ಕೆ ಬಂದಿದ್ದರು: "ಅಮ್ಮಾರು ಬಂಗಾರ ಇಟ್ಟಾರ!"

ಇನ್ನು ಸುಣ್ಣದ ಅಂಶ. ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಳಗಿನ ಪೊರೆ ತೆಗೆದು, ಒಣಗಿಸಿ ಪುಡಿ ಮಾಡಿದರೆ ಸಾಕು, ಔಷಧಿ ಅಂಗಡಿಗೆ ಹೋಗಬೇಕಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಮೊಟ್ಟೆ! ಬಸ್ಸಿನಿಂದ ಇಳಿದುಹೋಗುತ್ತಿದ್ದವಳು ಬಸ್‌ಸ್ಟ್ಯಾಂಡಿನ ಎಗ್‌ರೈಸ್ ಗಾಡಿಯವನಿಂದ ಚಿಪ್ಪು ತರಿಸಿದಳು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಡಕು ಮಡಿಕೆಯಲ್ಲಿ ಕುದಿಸಿದಳು. ಮಾಂಸವನ್ನೂ ಇಲ್ಲೇ ಕುದಿಸಬಹುದಲ್ಲ ಎಂದರೆ, "ದಿನಾ ಅದರ ವಾಸನಿ ಬಂದ್ರ ಗಿರಾಕಿ ಉಣ್ತಾರೇನ?" ಎಂದಳು. ಮಾಳಿಗೆಯ ಮೇಲೆ ಒಂದು ಮೂಲೆಯಲ್ಲಿ ಸಂಡಿಗೆ, ಇನ್ನೊಂದು ಮೂಲೆಯಲ್ಲಿ ಚಿಪ್ಪು ಒಣಗಿದವು. ಬೀಸಿದ ಪುಡಿ ಹಾಲಿನಂತೆ ಬೆಳ್ಳಗಿತ್ತು.

ಪಕ್ಕದ ಮನೆಯ ಹಿರಿಯಾಕೆ ಎಲೆ ಅಡಿಕೆಯ ಚಂಚಿ ಹಿಡಿದು ಹರಟೆಗೆ ಬಂದಳು. "ಏನವ್ವ ಇದು ಬಟ್ಟಲದಾಗ?"

ದೊಡ್ಡವ್ವ ಒಂದು ಕ್ಷಣ ಯೋಚಿಸಿ, ಸುಳ್ಳಾಗದಂಥ ಉತ್ತರ ಹುಡುಕಿದಳು. "ಸುಣ್ಣ."

"ಚಲೋ ಆತು ನೋಡು, ನಂದು ಮುಗದೈತಿ" ಎಂದು ಆಕೆ ಬೆರಳು ಅದ್ದಿ ಎಲೆಗೆ ಸವರಿ ಬಾಯಿಯ ತನಕ ತಂದಿದ್ದಳು! ದೊಡ್ಡವ್ವ ಹಾರಿ ಕೈಗೆ ಹೊಡೆದಳು. ಎಲೆ ಅಂಗಳಕ್ಕೆ ಬಿತ್ತು.

"ತಿನ್ನಬ್ಯಾಡ! ಅದು ಬೆಕ್ಕಿಂದು!"

ಹಿರಿಯಾಕೆ ಬಾಯಿ ತೆರೆದುಕೊಂಡೇ ಬೆಣ್ಣಿಯನ್ನು ನೋಡಿದಳು. "ಅಯ್ಯ ಶಿವನ! ಬೆಕ್ಕು ಎಲಿ ಅಡಿಕಿ ಹಾಕ್ತೈತೇನ?"

ಸಂಜೆಯ ಹೊತ್ತಿಗೆ ಓಣಿಯ ಮಕ್ಕಳೆಲ್ಲ ಬೆಣ್ಣಿಯ ಬಾಯಿ ಕೆಂಪಗಾಗಿದೆಯೇ ನೋಡಲು ಸಾಲುಗಟ್ಟಿ ಬಂದರು.

ತಿಂಗಳು ಕಳೆಯಿತು. ತುರಿಕೆ ಕಡಿಮೆಯಾಗಿ, ಕತ್ತಿನ ಮೇಲೆ ಹತ್ತಿಯ ನವಿರಿನಂತೆ ಹೊಸ ಕೂದಲು ಮೂಡತೊಡಗಿತು. ಎಲ್ಲ ಸರಿಹೋಯಿತು ಅನ್ನುವಾಗಲೇ ಆ ಸೋಮವಾರ ಬಂತು.

ಸೋಮವಾರ ಖಾನಾವಳಿ ತುಂಬಿರುತ್ತದೆ. ಅಂದು ನಡುವಿನ ಮೇಜಿಗೆ ಕೂತಿದ್ದವರು ಶೇಂಗಾ ಮಂಡಿಯ ಯಜಮಾನರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಊಟಕ್ಕೆ ಮೊದಲು ಕಣ್ಣು ಮುಚ್ಚಿ ಧ್ಯಾನ. ಅವರು ಉಂಡ ಕಡೆ ಊರೇ ಉಣ್ಣುತ್ತದೆ, ಅವರು ಬಿಟ್ಟ ಕಡೆ ನೊಣವೂ ಕೂರುವುದಿಲ್ಲ. ಶಾಲೆಗೆ ರಜೆಯಿದ್ದುದರಿಂದ ನಾನೂ ಬಂದು ಮಜ್ಜಿಗೆ ಬಡಿಸುತ್ತಿದ್ದೆ. ಬೆಳಿಗ್ಗೆಯಿಂದ ಕರೆಂಟ್ ಹೋಗಿದ್ದರಿಂದ ಮಾಂಸ ಕರಗಿತೇನೋ ಎಂದು ದೊಡ್ಡವ್ವ ಹಿತ್ತಲ ಕೋಣೆಗೆ ಹೋದವಳು, ಬೆಳಕಿಗಾಗಿ ಬಾಗಿಲನ್ನು ತೆರೆದೇ ಇಟ್ಟಿದ್ದಳು.

ಬೆಣ್ಣಿ ಒಳಗಿನಿಂದ ಬಂತು. ಓಡಿಬರಲಿಲ್ಲ, ಮದುವೆ ಮನೆಯ ಬೀಗಿತ್ತಿಯ ಹಾಗೆ ನಿಧಾನವಾಗಿ, ತಲೆಯೆತ್ತಿ ಬಂತು. ಬಾಯಲ್ಲಿ ಒಂದು ಇಡೀ ಗುಂಡಿಗೆ! ಸಾಲು ಸಾಲು ಮೇಜುಗಳನ್ನು ದಾಟಿ, ಸರಿಯಾಗಿ ಯಜಮಾನರ ಪಾದದ ಬಳಿ ಕೂತು, ಗುಂಡಿಗೆಯನ್ನು ನೆಲಕ್ಕಿಟ್ಟು ತಿನ್ನತೊಡಗಿತು.

ತುತ್ತು ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಯಾರೋ, "ಏನದು?" ಎಂದರು.

ನಾನು ಟೊಮೆಟೊ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ದೊಡ್ಡವ್ವ ಬಾಗಿಲಿಗೆ ಬಂದಿದ್ದಳು. ಸೆರಗಿನಲ್ಲಿ ಕೈ ಸುತ್ತಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಕುರಿ ಗುಂಡಿಗಿ ಅದು. ನನ್ನ ಬೆಕ್ಕಿಂದು. ಅಕಿಗೆ ಹಾಲು ಆಗಿಬರಂಗಿಲ್ಲ, ಅನ್ನ ಆಗಿಬರಂಗಿಲ್ಲ. ಮೈಯೆಲ್ಲಾ ಹುಣ್ಣಾಗಿತ್ತು. ಅದಕ್ಕ ತಂದೀನಿ. ಹಿತ್ತಲ ಕೋಣ್ಯಾಗ ಬ್ಯಾರೆ ಪೆಟ್ಟಿಗಿ, ಬ್ಯಾರೆ ಚಾಕು, ಬ್ಯಾರೆ ತಾಟು ಅದಾವ. ನನ್ನ ಒಲಿಗೆ, ನಿಮ್ಮ ಗಂಗಾಳಕ್ಕ ಅದರ ಗಾಳಿನೂ ಸೋಕಿಲ್ಲ. ಉಣ್ಣೋರು ಉಣ್ರಿ. ಬ್ಯಾಡ ಅನ್ನೋರು ಏಳ್ರಿ, ನಾನು ಏನೂ ಅನ್ನಂಗಿಲ್ಲ."

ಮೂರ್ನಾಲ್ಕು ಮಂದಿ ಎದ್ದೇಬಿಟ್ಟರು. ಉಳಿದವರು ಯಜಮಾನರ ಮುಖ ನೋಡಿದರು. ಯಜಮಾನರು ಬಗ್ಗಿ ಬೆಕ್ಕನ್ನು ನೋಡಿದರು. ಬೆಣ್ಣಿಯೂ ಒಮ್ಮೆ ತಲೆಯೆತ್ತಿ ಅವರನ್ನು ನೋಡಿ ಮತ್ತೆ ಊಟಕ್ಕೆ ತೊಡಗಿತು.

"ಈ ಬೆಕ್ಕಿಗೆ ಲಿಂಗದೀಕ್ಷೆ ಆಗೈತೇನವ್ವಾ?" ಎಂದರು ಯಜಮಾನರು.

"ಇಲ್ರಿ."

"ಮತ್ತ? ಅದರ ಧರ್ಮ ಅದು ನಡಸೈತಿ. ಅನ್ನ ಹಾಕು, ಸಾರು ಆರಾಕ ಹತ್ತೈತಿ."

ಎತ್ತಿದ ತುತ್ತುಗಳೆಲ್ಲ ಬಾಯಿ ಸೇರಿದವು. ರೊಟ್ಟಿ ಬಡಿಯುವ ಹೆಂಗಸರಲ್ಲಿ ಒಬ್ಬಾಕೆಯ ಮುಖ ಮಾತ್ರ ಸಣ್ಣಗಾಗಿತ್ತು. "ಹಂಗಾರ ಬಂಗಾರ ಅಲ್ಲೇನ್ರಿ?" ಎಂದಳು.

ಎಲ್ಲವೂ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಎದ್ದುಹೋದವರು ಸುಮ್ಮನಿರುತ್ತಾರೆಯೇ? ಕೆಲವು ವಾರ ಗಿರಾಕಿ ಕಡಿಮೆಯಾದರು. ಮಧ್ಯಾಹ್ನ ದೊಡ್ಡವ್ವ ಒರೆಸಿದ ಖಾಲಿ ಮೇಜನ್ನೇ ಮತ್ತೆ ಒರೆಸುವುದನ್ನು ನೋಡಿ ನಾನೇ, "ಬೆಣ್ಣಿನ ಒಂದಷ್ಟು ದಿವಸ ನಮ್ಮನ್ಯಾಗ ಇಟ್ಕೊಳ್ಳೇನು?" ಎಂದೆ.

"ಯಾಕ?" ಎಂದಳು ಚುರುಕಾಗಿ. "ಗಿರಾಕಿಗೆ ಬ್ಯಾಡಾದ್ರ ಇನ್ನೊಂದು ಖಾನಾವಳಿ ಐತಿ. ಅಕಿಗೆ ಇನ್ನೊಂದು ಮನಿ ಎಲ್ಲೈತಿ?"

ಎದ್ದುಹೋದವರು ಒಬ್ಬೊಬ್ಬರಾಗಿ ಹಿಂದಿರುಗಿದರು. ಧರ್ಮಕ್ಕಿಂತ ಎಣ್ಣಗಾಯಿಯ ಸೆಳೆತ ದೊಡ್ಡದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ದೊಡ್ಡವ್ವ ಬೈಯುತ್ತಾಳೆ. ಎರಡು ತಿಂಗಳಿಗೆ ಬೆಣ್ಣಿ ಮತ್ತೆ ಬೆಣ್ಣೆಯ ಮುದ್ದೆಯಾಯಿತು. ಪರೀಕ್ಷೆಗೆಂದು ಡಾಕ್ಟರಮ್ಮ ಒಂದು ಚಮಚ ಹಾಲು ಕುಡಿಸಿ ನೋಡಲು ಹೇಳಿದರು. ನಾಲ್ಕು ದಿನದಲ್ಲಿ ಮತ್ತೆ ಕೆರೆತ! ಅಲ್ಲಿಗೆ ಪಕ್ಕಾ ಆಯಿತು. ಈಗ ಯಾರಾದರೂ ಮರುಕದಿಂದ ಬೆಣ್ಣಿಯ ಮುಂದೆ ಮೊಸರನ್ನ ಇಟ್ಟರೆ ದೊಡ್ಡವ್ವ ಅಡುಗೆಮನೆಯಿಂದಲೇ ಗುಡುಗುತ್ತಾಳೆ: "ಅಕಿಗೆ ಮಸರು ಹಾಕಿದ್ರ ನಿಮಗ ರೊಟ್ಟಿ ಬಂದ್!" ದವಾಖಾನೆಗೆ ತುರಿಕೆಯ ಬೆಕ್ಕು ಬಂದರೆ ಡಾಕ್ಟರಮ್ಮ ಔಷಧಿ ಬರೆದುಕೊಟ್ಟು, ಉಳಿದದ್ದಕ್ಕೆ ಖಾನಾವಳಿಯ ಹಾದಿ ತೋರಿಸುತ್ತಾರೆ. ದೊಡ್ಡವ್ವ ಅವರಿಗೆಲ್ಲ ಒಂದು ತಾಟು ಊಟ ಹಾಕಿ, ಲಿವರು ಎಂದರೆ ಇಂಗಿದ್ದ ಹಾಗೆ ಎಂದು ತಿಳಿಸಿ ಕಳಿಸುತ್ತಾಳೆ.

ಮೊನ್ನೆ ರಜೆಯಲ್ಲಿ ಹೇಳದೆ ಕೇಳದೆ ಹೋಗಿದ್ದೆ. ಮಧ್ಯಾಹ್ನದ ಗದ್ದಲ ಮುಗಿದು ಖಾನಾವಳಿ ತಣ್ಣಗಿತ್ತು. ಹುಡುಕುತ್ತ ಹಿತ್ತಲಿಗೆ ಹೋದರೆ ದೊಡ್ಡವ್ವ ಬೇವಿನ ನೆರಳಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಆಚೆ ಬದಿಗೆ ಬೆಣ್ಣಿಯ ತಾಟು, ಮಾರು ದೂರ ಬಿಟ್ಟು ಈಚೆಗೆ ತನ್ನ ಗಂಗಾಳ. ಬೆಣ್ಣಿ ಒಂದು ಚೂರು ಎತ್ತಿದರೆ ಈಕೆ ಒಂದು ತುತ್ತು. ನಾನು ಕೀಟಲೆ ಮಾಡಲೆಂದು ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ದೊಡ್ಡವ್ವ ಕೂತು ಉಣ್ಣುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಒಲೆಯ ಮುಂದೆ ನಿಂತೇ, ಉಳಿದ ರೊಟ್ಟಿಯ ಸುರುಳಿಯನ್ನು ಎರಡು ಗಿರಾಕಿಗಳ ನಡುವಿನ ಬಿಡುವಿನಲ್ಲಿ ಕಚ್ಚಿ ನುಂಗುವುದು, ಅದೇ ಆಕೆಯ ಊಟ. ಅದು ಊಟವಲ್ಲ ಎಂದು ನಮಗ್ಯಾರಿಗೂ ಹೊಳೆದೇ ಇರಲಿಲ್ಲ.

"ಡಾಕ್ಟರಮ್ಮ ಹೇಳ್ಯಾಳ," ಎಂದಳು ನನ್ನನ್ನು ಕಂಡು, ಸಿಕ್ಕಿಬಿದ್ದವಳ ಹಾಗೆ. "ಪೂರಾ ತಿಂತೈತೋ ಇಲ್ಲೋ, ಮುಂದ ಕುಂತು ನೋಡಬೇಕಂತ. ಸುಮ್ಮನ ಏನು ಕುಂದ್ರೋದು ಅಂತ ನಾನೂ ಹಾಕ್ಕೊಂಡು ಕುಂತೆ."

ನಾನು ಪಕ್ಕದಲ್ಲಿ ಕೂತೆ. ಆಕೆ ಎಣ್ಣಗಾಯಿಯನ್ನು ರೊಟ್ಟಿಯ ಚೂರಿನಿಂದ ಒತ್ತಿ, ನಿಧಾನವಾಗಿ ಅಗಿದು ನುಂಗಿದಳು.

"ಲೇ, ನನಗ ಗೊತ್ತ ಇರಲಿಲ್ಲ."

"ಏನು ದೊಡ್ಡವ್ವ?"

"ನನ್ನ ಕೈ ಅಡಿಗಿ ಇಷ್ಟು ಚಲೋ ಇರ್ತೈತಿ ಅಂತ."

ಬೆಣ್ಣಿ ತಾಟು ನೆಕ್ಕಿ ಮುಗಿಸಿ ಮೈ ಮುರಿಯಿತು. ದೊಡ್ಡವ್ವ ಏಳಲಿಲ್ಲ. ಖಾಲಿಯಾದ ಗಂಗಾಳವನ್ನು ನನ್ನ ಕಡೆ ಸರಿಸಿ, "ಒಳಗ ಹೋಗಿ ಇನ್ನೊಂದು ರೊಟ್ಟಿ ತಗೊಂಡ್ ಬಾ. ಬಿಸೀದು" ಎಂದಳು.